ದುಭಾಷಿ

ಓ.ಪಿ. ನಂಬರ್ ಅಂದರೆ ಆಸ್ಪತ್ರೆಯ ಚೀಟಿ ಅಂದುಕೊಂಡಿದ್ದೆ.
ಕುಂಬಳೆಯಲ್ಲಿ ಬಸ್ಸು ಹತ್ತಿ ವಿದ್ಯಾನಗರದಲ್ಲಿ ಇಳಿದು
ಯಾರಿಗೆ ಜ್ವರ, ಎಂದು ಕೇಳಿದೆ.
ಅಮ್ಮ ಮಾತಾಡಲಿಲ್ಲ. ಜಿತೇಶನ ಮೂಗು ಒರೆಸಿದಳು,
ಅದು ಸೋರುತ್ತಿರಲಿಲ್ಲ.

ಗೋಡೆಯ ಮೇಲೆ ಮೊಲ, ಆನೆ, ಬಣ್ಣ ಹೋದ ನವಿಲು.
ಮಕ್ಕಳ ಕೋಣೆಯಂತೆ. ಮೂರು ಕಾಲಿನ ಕುದುರೆಯ ಮೇಲೆ
ತಮ್ಮ ಕೂತ; ನಾಲ್ಕನೆಯ ಕಾಲಾಗಿ ನಾನು ಹಿಡಿದುಕೊಂಡೆ.
ಬಾಗಿಲಾಚೆ ಒಂದೇ ಬೆಂಚಿನ ಎರಡು ತುದಿಯಲ್ಲಿ
ಅಪ್ಪ, ಅಮ್ಮ.
ನಡುವೆ ಗುರುತಿಲ್ಲದ ಒಬ್ಬಾಕೆ ಕೂಸಿಗೆ ಹಾಲೂಡಿಸುತ್ತಿದ್ದಳು.

ಜಡ್ಜ್ ಮೇಡಂ ಕರಿಯ ಕೋಟು ಕಳಚಿಟ್ಟಿದ್ದರು.
'ಪೇಡಿಕ್ಕಂಡ ಮೋಳೇ' ಎಂದರು. ಪೆನ್ನಿನ ಮುಚ್ಚಳ ತೆಗೆದರು.
ಆಮೇಲೆ ಏನೋ ಕೇಳಿದರು, ಅದರ ತುದಿಯಲ್ಲಿ 'ವೀಡ್'.
ಗೊತ್ತಿದ್ದ ಪದವೇ. ಆದರೂ ಕಿವಿಗೆ ಬಿದ್ದದ್ದು: ಬಿಡು.
ಯಾರನ್ನು ಬಿಡಲಿ?
'ಮನೆ ಮಗಳೇ, ಮನೆ' ಎಂದರು ಕ್ಲಾರ್ಕು ಅಂಬಾಡಿಯಣ್ಣ,
'ಯಾರ ಮನೆಯಲ್ಲಿ ಇರ್ತೀ ಅಂತ ಕೇಳುವುದು.'

ನಾನು ತುಂಬ ಹೇಳಿದೆ.
ಅಪ್ಪ ಮೀನಿನ ಮುಳ್ಳು ತೆಗೆದು ಕೊಡುವುದು,
ಅದೇ ಕೈ ಒಮ್ಮೆ ಅಮ್ಮನ ಜಡೆಗೆ ಸುತ್ತಿಕೊಂಡದ್ದು,
ಅಮ್ಮ ಬೀಡಿಯ ಲೆಕ್ಕ ಬರೆಯುತ್ತಲೇ ನಿದ್ದೆ ಹೋಗುವುದು,
ಬೆಕ್ಕು ಮರಿ ಹಾಕಿದ್ದು ಅಪ್ಪನ ಕಪಾಟಿನಲ್ಲೇ,
ತಮ್ಮನಿಗೆ ನನ್ನ ಕಿವಿ ಹಿಡಿಯದೆ ನಿದ್ದೆ ಬಾರದು.
ಇದನ್ನು ಎರಡು ಸಲ ಹೇಳಿದೆ.

ಅಂಬಾಡಿಯಣ್ಣ ಗಂಟಲು ಸರಿಮಾಡಿಕೊಂಡು
ಬೇಗ ಬೇಗ, ಮಲಯಾಳದಲ್ಲಿ, ಮೂರೇ ಮಾತು ಹೇಳಿದರು.
ಮೇಡಂ ಮೂರನ್ನೂ ಬರೆದರು.
ನನಗೆ ಸಿಕ್ಕಿದ್ದು 'ಅಮ್ಮ' ಮಾತ್ರ,
ಎರಡೂ ಭಾಷೆಗೆ ಅದೊಂದೇ ಅಲ್ಲವೆ.
ಕಿವಿಯ ಸಂಗತಿ ಹೇಳಿದರೋ, ಇಲ್ಲವೋ.

ನಾನು ಕುಂಬಳೆಗೆ.
ಅವನು ಅಪ್ಪನೊಡನೆ ನೀಲೇಶ್ವರಕ್ಕೆ.

ಆರು ವರ್ಷ. ತಿಂಗಳ ಮೊದಲ ಶನಿವಾರ ಅದೇ ಕೋಣೆ,
ಹತ್ತರಿಂದ ನಾಲ್ಕು, ರಿಜಿಸ್ಟರಿನಲ್ಲಿ ಸಹಿ.
ಕುದುರೆಯನ್ನು ಯಾರೋ ಒಯ್ದಿದ್ದಾರೆ.
ಅವನದು ಮಲಯಾಳ ಮೀಡಿಯಂ. 'ಚೇಚೀ' ಎಂದು ಕರೆದು
ತಿದ್ದಿಕೊಂಡು 'ಅಕ್ಕ' ಅನ್ನುತ್ತಾನೆ, ನೆಂಟರ ಹಾಗೆ.
ಉಳಿದಂತೆ ನನ್ನ ಕನ್ನಡಕ್ಕೆಲ್ಲ ಹೂಂ, ಊಹೂಂ.
ಹಾಗಾಗಿ ನಾನೇ ಕಲಿತೆ, ಗೆಳತಿ ಶಮೀನಾಳ ಜೊತೆ ಸಿನಿಮಾ ನೋಡಿ.
ಆ ಮೂರು ಮಾತೂ ಈಗ ಅರ್ಥವಾಗುತ್ತಿತ್ತು,
ನೆನಪಿದ್ದಿದ್ದರೆ.
ವಿಟ್ಲದ ಕಡೆಯ ಅಮ್ಮನಿಗೆ ಮಾತ್ರ ಇವತ್ತಿಗೂ
ಮೀನಿನ ದರದಷ್ಟೇ ಮಲಯಾಳ.

ಹೋದ ಶನಿವಾರ ಅವಳು ಬುತ್ತಿ ಬಿಚ್ಚುತ್ತಿದ್ದಳು.
ಸೇಮಿಗೆ, ತೆಂಗಿನ ಹಾಲು, ಚೆಲ್ಲದ ಹಾಗೆ ಎರಡು ಪ್ಲಾಸ್ಟಿಕ್ಕು ಸುತ್ತಿ.
ಅವನು ಗಡಿಯಾರ ನೋಡಿದ.
ನನ್ನ ಕಿವಿಯ ಹತ್ತಿರ ಬಾಗಿದ, ಹಿಡಿಯಲಿಲ್ಲ.
'ಎನಿಕ್ ವೀಟ್ಟಿಲ್ ಪೋಣಂ.'
ಯಾರ ಮನೆಗೆ ಎಂದು ಕೇಳಬೇಕಿರಲಿಲ್ಲ.
ಗಂಟೆ ಹನ್ನೊಂದೂ ಆಗಿರಲಿಲ್ಲ.

ಏನಂತೆ ಅವನಿಗೆ? ಅಮ್ಮ ಗಂಟು ಬಿಚ್ಚುತ್ತಲೇ ಕೇಳಿದಳು.

ನಾನು ಗಂಟಲು ಸರಿಮಾಡಿಕೊಂಡೆ.
ಹಸಿವಂತೆ, ಅಂದೆ.