ತಳದ ಕಡತ

ಸಮುದ್ರ ನಾನು ಕಂಡದ್ದು ಒಂದೇ ಸಲ,
ಕಾಲೇಜಿನ ಪ್ರವಾಸ, ಕಾರವಾರ, ಅದೂ ರಾತ್ರಿ.
ಆದರೂ ನಾಲ್ಕು ವರ್ಷ ನವನಗರದ ಬಾಡಿಗೆ ಕೋಣೆಯಲ್ಲಿ
ಹೊರಗೆ ಹರಿಯಲು ದಾರಿಯಿಲ್ಲದ, ಎಲ್ಲಿಯದೋ ಒಂದು ಸಮುದ್ರವನ್ನು
ಚೌಕ ಚೌಕವಾಗಿ ಕತ್ತರಿಸಿ ಕಂಪ್ಯೂಟರಿಗೆ ಉಣಿಸಿದೆ:
ಇಷ್ಟು ಗಾಳಿ, ಇಷ್ಟು ಬಿಸಿಲು, ಇಷ್ಟು ನದಿ,
ಆವಿಯಾಗಿ ಹೋದದ್ದು ಇಷ್ಟು.
ಚಳಿಗಾಲಕ್ಕೆ ಅದು ಎಡಕ್ಕೆ ಸುತ್ತಿತು,
ಬೇಸಿಗೆಗೆ ಎರಡು ಸುಳಿಯಾಗಿ ಒಡೆಯಿತು,
ಒಂದು ಗೇಣು ಏರಿ, ಒಂದು ಗೇಣು ಇಳಿದು
ನನಗೆ ಪದವಿ ಕೊಟ್ಟಿತು.

ಒಂದು ಆಷಾಢ, ಮೀನಿನ ಸೊಸೈಟಿಯ ದ್ಯಾಮಣ್ಣ ಅಂಬಿಗೇರ ಕೇಳಿದ:
"ಅಕ್ಕಾರ, ಯಾವದೋ ದೇಶದ ನೀರು ಅಳೀತೀರಂತ.
ನಮ್ಮ ಹಿನ್ನೀರಿಂದು ಹೇಳ್ರಿ ನೋಡೂಣು.
ಗಾಳಿ ಆ ಕಡೆ ಹೊಂಟಿರತೈತಿ,
ನನ್ನ ಬಲಿ ಈ ಕಡೆ ಬರತೈತಿ. ಯಾಕ?"

ಇದೂ ಮುಚ್ಚಿದ ನೀರೇ.
ಮೂಡಣಕ್ಕೆ ಆಲಮಟ್ಟಿಯ ಗೇಟು,
ಪಡುವಣದಿಂದ ಘಟಪ್ರಭೆ, ಕೆಂಪಗೆ, ನೊರೆ ಹೊತ್ತು.
ಶ್ರಾವಣಕ್ಕೆ ಮೈದುಂಬಿ
ಯುಗಾದಿ ಕಳೆದ ಮೇಲೆ ಎಲುಬು ಕಾಣುವುದು.
ಉಪ್ಪಿಲ್ಲ, ಅಷ್ಟೇ.
ಲೆಕ್ಕ ಹೂಡಿದೆ. ಉತ್ತರ ಬಂತು.
ನನ್ನ ಸುಳಿ ಹುಟ್ಟಿದ್ದು
ದ್ಯಾಮಣ್ಣನ ಬಲೆಯಿಂದ ಮುಕ್ಕಾಲು ಮೈಲಿ ಆಚೆ.

ಗಾಳಿಯನ್ನು ಬೈದೆ, ಸಮೀಕರಣವನ್ನು ಬೈದೆ.
ತಪ್ಪಿದ್ದದ್ದು ತಳದಲ್ಲಿ.
ನಕಾಶೆಯಲ್ಲಿ ಮುಳುಗಿದ ಪೇಟೆಗೆಲ್ಲ ಒಂದೇ ನೀಲಿ, ಒಂದೇ ಅಂಕಿ,
ಅಲ್ಲಿ ಯಾರೂ ಎಂದೂ ಏದುಸಿರು ಬಿಟ್ಟಿರಲಿಲ್ಲ ಎಂಬಂತೆ.

ಮೂವತ್ತೊಂದು ವರ್ಷ ಅಲ್ಲಿ ಟಪಾಲು ಹಂಚಿದ ಗೈಬುಸಾಬ ನದಾಫ
ಇಲ್ಲಿಯ ಸೆಕ್ಟರ್ ನಂಬರುಗಳಲ್ಲಿ ಇಂದಿಗೂ ದಾರಿ ತಪ್ಪುತ್ತಾರೆ.
ಅವರ ಮುಂದೆ ಹಾಳೆ ಹರವಿದೆ.
ಕಣ್ಣು ಮುಚ್ಚಿದರು. ಕುರ್ಚಿಯಲ್ಲೇ ಕಾಲು ಆಡತೊಡಗಿದವು.

"ಹಿಟ್ಟಿನ ಗಿರಣಿ ತನಕ ತುಳೀಬೇಕು.
ಇಲ್ಲಿ ಬಿಟ್ಟರ ಸಾಕು, ಸೈಕಲ್ ತಾನ ಹೋಗತೈತಿ,
ಬಳಿಗಾರರ ಓಣಿ, ನೀಲಗಾರರ ಓಣಿ,
ಬ್ರೇಕ್ ಹಿಡೀರಿ, ಕಲ್ಲಿನ ಮೋರಿ ಬಂತು.
ಇನ್ನ ಇಳದು ದಬ್ಬಬೇಕು.
ಮನಿಯಾರ್ಡರು ಇದ್ದ ದಿನ ಅಷ್ಟು ಏರು ಅನಸತಿರಲಿಲ್ಲ.
ತಾರು ಇದ್ದರ, ಎತ್ತು ಕಟ್ಟಿ ಎಳದಂಗ."

ಕೊನೆಯ ಮಾತಿಗೆ ಮಾಡೆಲಿನಲ್ಲಿ ಜಾಗ ಸಿಗಲಿಲ್ಲ.
ಮಿಕ್ಕದ್ದನ್ನು ಚೌಕಗಳಿಗೆ ತುಂಬಿದೆ:
ತುಳಿದಲ್ಲಿ ಏರು, ಬಿಟ್ಟಲ್ಲಿ ಇಳಿತ.
ಎರಡು ಸಲ ಕರೆಂಟು ಹೋಯಿತು.
ಮೂರನೆಯ ಬೆಳಗಿಗೆ, ಏರಿನ ಮೇಲೆ ಗಾಳಿಯ ಬೆನ್ನು ಹಿಡಿದು ಹೋದ ನೀರು
ಕಟ್ಟೆಯ ಕಡೆ ಒತ್ತಿ ನಿಂತು, ಮಣಿದು,
ನೀಲಗಾರರ ಓಣಿಯ ತಗ್ಗು ಹುಡುಕಿ
ಗಾಳಿಗೆ ಎದುರಾಗಿ ಮನೆಗೆ ಬಂತು.

ದ್ಯಾಮಣ್ಣ ಪರದೆ ನೋಡಿ ಬೀಡಿ ಹಚ್ಚಿದ:
"ಇದನ್ನ ನಾನ ಹೇಳಿದ್ನೆಲ್ಲ."
ಗೈಬುಸಾಬರು ಬಾಣದ ಗುರುತುಗಳನ್ನು ಹತ್ತಿರದಿಂದ ನೋಡಿದರು:
"ನಾ ಇಷ್ಟು ಜೋರು ಹೊಡೀತಿರಲಿಲ್ಲ."

ಮಟ್ಟದಲ್ಲಿ ಎರಡು ಬೆರಳಿನ ತಪ್ಪು ಉಳಿದಿದೆ.
ಮತ್ತೆ ಕೇಳಿದೆ. ಬಹಳ ಹೊತ್ತು ಕಾಲು ನಿಂತೇ ಇದ್ದವು.
ಮೋರಿಯ ಆಚೆ ಒಂದು ಓಣಿ ಇತ್ತಂತೆ.
ಅಲ್ಲಿಗೆ ಎಂದೂ ಒಂದು ಕಾಗದ ಬಂದಿರಲಿಲ್ಲ.
ಅದರ ಇಳಿಜಾರು ಅವರಿಗೆ ಗೊತ್ತಿಲ್ಲ.