ನಲವತ್ತು ನಿಮಿಷ

ಮೆಲ್ಬರ್ನ್, ನಲವತ್ತೆರಡನೇ ಇಸವಿ, ಜೂನ್.
ಇಲ್ಲಿ ಜೂನ್ ಎಂದರೆ ಕೊರೆಯುವ ಚಳಿ.
ಯುದ್ಧ ಗೆಲ್ಲಿಸುವ ಉಪಾಯಗಳು ದಿನಕ್ಕೆರಡು ಚೀಲ
ಮೂರನೇ ಮಹಡಿ ಹತ್ತಿ ನನ್ನ ಮೇಜಿಗೆ ಬರುತ್ತವೆ.
ನಾನು ಭೌತಶಾಸ್ತ್ರದ ಮೇಷ್ಟ್ರು, ಎಡಗಣ್ಣು ಮಂದ.
ಸೇನೆ ನನ್ನನ್ನು ಬೇಡವೆಂದಿತು;
ಬೇಡವೆನ್ನುವುದೇ ಈಗ ನನ್ನ ದೇಶಸೇವೆ.

ಬೆಂಡಿಗೋದ ಕಟುಕನೊಬ್ಬ ಬರೆಯುತ್ತಾನೆ:
ಕಡಲ ದಂಡೆಗೆಲ್ಲ ಮೊಲ ಬಿಡಿ ಸ್ವಾಮಿ,
ನಮ್ಮಲ್ಲಿ ಹೇಗೂ ದಂಡಕ್ಕೆ ಬಿದ್ದಿವೆ,
ಬಿಲದಲ್ಲಿ ಸಿಕ್ಕಿ ಶತ್ರುವಿನ ಕಾಲು ಉಳುಕಲಿ.
(ಒದ್ದೆ ಮರಳಲ್ಲಿ ಮೊಲ ಬಿಲ ತೋಡುವುದಿಲ್ಲ. ತಿರಸ್ಕೃತ.)
ಹತ್ತು ವರ್ಷದ ಹುಡುಗನದು,
ಗುರಿ ತಪ್ಪಿದರೆ ತಿರುಗಿ ಬರುವ ಬಾಂಬು.
ಮಗೂ, ಯಾರ ಹತ್ತಿರ ತಿರುಗಿ ಬರುತ್ತದೆ,
ಯೋಚಿಸಿದೆಯಾ?
ಆಕಾಶಕ್ಕೆ ಏಣಿ ಹಾಕುವವರೇ ಎಲ್ಲ.
ನನ್ನದು ಮೆಟ್ಟಿಲು ಎಣಿಸುವ ಕೆಲಸ.

ಆಮೇಲೆ ಒಂದು ಪೊಟ್ಟಣ ಬಂತು,
ಬಿಚ್ಚುವ ಮೊದಲೇ ಕುರಿಯ ವಾಸನೆ.
ಜೀಲಾಂಗಿನ ಉಣ್ಣೆ ಗಿರಣಿಯ ಥರ್ಜಾ ಪಾಸ್ಕೋ
ಹಿಟ್ಟಿನ ಚೀಲ ಕತ್ತರಿಸಿ, ಎಂಟು ಗೂಡು ಹೊಲಿದು
ತೊಳೆಯದ ಉಣ್ಣೆ ತುಂಬಿದ ಒಂದು ಅಂಗಿ.
'ಜಿಡ್ಡು ನೀರನ್ನು ಒಳಗೆ ಬಿಡುವುದಿಲ್ಲ.
ಮಳೆಯಲ್ಲಿ ನಿಂತ ಕುರಿಯನ್ನು ನೋಡಿ.'
ಇಷ್ಟೇ ಪತ್ರ.

ಮನೆಯ ಸ್ನಾನದ ತೊಟ್ಟಿ ತುಂಬಿಸಿದೆ,
ಅಂಗಿಗೆ ಹದಿನಾರು ಪೌಂಡು ಕಬ್ಬಿಣ ಕಟ್ಟಿದೆ,
ಹೆಂಡತಿ ಗಡಿಯಾರ ಹಿಡಿದು ಕೂತಳು.
ತೇಲಿತು. ತೇಲಿತು. ಒಂದೊಂದೇ ಗೂಡು ಗುಳ್ಳೆ ಬಿಟ್ಟಿತು.
ನಲವತ್ತನೇ ನಿಮಿಷಕ್ಕೆ ತಳ ಕಂಡಿತು.
ನಿಯಮದಲ್ಲಿರುವುದು ಇಪ್ಪತ್ತನಾಲ್ಕು ಗಂಟೆ.
ನಮೂನೆಯಲ್ಲಿ ಚೌಕ ಎರಡೇ:
ಸಾಧ್ಯ, ಸಾಧ್ಯವಿಲ್ಲ.
ಎರಡನೆಯದಕ್ಕೆ ಗುರುತು ಹಾಕಿ
'ನಲವತ್ತು ನಿಮಿಷ ಮಾತ್ರ' ಎಂದು ಬರೆದೆ.
ಆ 'ಮಾತ್ರ' ಬೇಕಿರಲಿಲ್ಲ.

ಒಂಬತ್ತನೇ ದಿನಕ್ಕೆ ಕಾರ್ಡು:
'ನಲವತ್ತು ನಿಮಿಷ, ನಿಜವಾಗಿಯೂ?
ನನ್ನ ತಮ್ಮನಿದ್ದ ಹಡಗು ಮುಳುಗಿದಾಗ
ಇಪ್ಪತ್ತೈದನೇ ನಿಮಿಷಕ್ಕೆ ದೋಣಿ ಬಂದಿತ್ತಂತೆ.
ಹನ್ನೊಂದು ಜನಕ್ಕೆ ಅಂಗಿ ಸಾಲಲಿಲ್ಲವಂತೆ.
ಪರೀಕ್ಷಿಸಿದ್ದಕ್ಕೆ ಉಪಕಾರವಾಯಿತು.'

ಸರ್ಕಾರದ ಅಂಗಿಯೊಳಗಿರುವುದು ಬೂರುಗದ ಹತ್ತಿ.
ಬೂರುಗ ಬರುತ್ತಿದ್ದದ್ದು ಜಾವಾದಿಂದ.
ಜಾವಾ ಮಾರ್ಚಿಯಲ್ಲೇ ಕೈಬಿಟ್ಟಿತು.
ಇದು ನನಗೆ ಗೊತ್ತಿತ್ತು. ಅದೇ ಮೇಜಿನ ಮೇಲೆ,
ಬೇರೆ ಕಡತದಲ್ಲಿ.
ನಾನು ಉಣ್ಣೆಯನ್ನು ಬೂರುಗದ ಪಕ್ಕ ಇಟ್ಟು ತೂಗಿದ್ದೆ.
ಬರಿಮೈಯ ಪಕ್ಕ ಇಟ್ಟಿರಲಿಲ್ಲ.

ಭಾನುವಾರ, ಬೆಳಿಗ್ಗೆ ಏಳು, ಸೇಂಟ್ ಕಿಲ್ಡಾದ ಕಟ್ಟೆ.
ಒಣಗಿಸಿದ ಅಂಗಿಯನ್ನು ನಾನೇ ತೊಟ್ಟು ಇಳಿದಿದ್ದೇನೆ.
ಹಲ್ಲು ಕಟಕಟ, ಗದ್ದ ನೀರಿನ ಮೇಲೆ,
ಮೂಗಿನ ತುಂಬ ಕುರಿ.
ಮೇಲೆ ಹೆಂಡತಿ, ಕೋಟಿನ ಮೇಲೆ ಕೋಟು, ಕೈಯಲ್ಲಿ ಗಡಿಯಾರ.
'ಇಪ್ಪತ್ತಾರು!' ಎಂದು ಕೂಗುತ್ತಾಳೆ.
'ಸಾಕು, ಬಾ ಮೇಲೆ, ಹುಚ್ಚ!'

ಇನ್ನೊಂದು ಸ್ವಲ್ಪ, ಎನ್ನುತ್ತೇನೆ.
ಇನ್ನೂ ಹಿಡಿದಿದೆ.