ಗೆರೆಯ ಕೆಳಗೆ

ಮೊದಲ ತರಗತಿಯಲ್ಲೇ ರ್ವೆಗೊಶೊರಾ ಮೇಷ್ಟ್ರು
ಕರಿಹಲಗೆಯ ಮೇಲೊಂದು ಅಡ್ಡಗೆರೆ ಎಳೆದರು.
ಮೇಲೆ ಅಂಶ, ಕೆಳಗೆ ಛೇದ.
ಮೇಲಿರುವವನು ರೋಗಿ. ಹೆಸರು ವಾರ್ಡಿನ ಪುಸ್ತಕದಲ್ಲಿದೆ,
ಹಾಸಿಗೆಗೆ ನಂಬರಿದೆ, ತಲೆದೆಸೆಯಲ್ಲಿ ಅಳುವವರಿದ್ದಾರೆ.
ಕೆಳಗಿರುವವರು ಯಾರು?

ಯಾರೂ ಬಾಯಿಬಿಡಲಿಲ್ಲ.
ಕಿಟಕಿಯಾಚೆ ಮ್ವಾನ್ಜಾದ ಬಂಡೆಗಳು
ಒಂದರ ಮೇಲೊಂದು, ಈಗ ಬಿದ್ದೇವು ಎಂಬಂತೆ;
ಸಂದಿಗಳಲ್ಲಿ ತಗಡಿನ ಮನೆ, ಆಚೆಗೆ ಸರೋವರ.
ಮೇಷ್ಟ್ರು ಸೀಮೆಸುಣ್ಣ ಅತ್ತ ಚಾಚಿದರು:
ಅಗೋ, ಬಟ್ಟೆ ಒಗೆಯುತ್ತಿದ್ದಾರಲ್ಲ, ಅವರು.
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಅವರನ್ನು ಲೆಕ್ಕಕ್ಕೆ ತರುವುದೇ
ನಿಮ್ಮ ಮೂರು ವರ್ಷದ ಓದು.

ಅವ್ವನಿಗೆ ಇದನ್ನು ತಿಳಿಸುವುದು ಕಷ್ಟ.
ಮರಳ ಮೇಲೆ ದಗಾ ಮೀನು ಹರವುತ್ತ ಕೇಳುತ್ತಾಳೆ:
ಸೂಜಿ ಚುಚ್ಚುತ್ತೀಯಾ? ಇಲ್ಲ.
ಹೆರಿಗೆ ಮಾಡಿಸುತ್ತೀಯಾ? ಇಲ್ಲ.
ಮತ್ತೇನು ಮಾಡುತ್ತೀ, ನ್ಯಮಿಝಿ?
ಎಣಿಸುತ್ತೇನೆ ಅವ್ವಾ.
ಒಂದು ಬೊಗಸೆ ಮೀನು ಮಗುಚಿ ಹಾಕಿದಳು:
ಅದಕ್ಕೂ ಫೀಸು ಕಟ್ಟಬೇಕೆ?

ಎರಡನೆಯ ವರ್ಷ, ದಂಡೆಯೂರಿನ ಸಮೀಕ್ಷೆ.
ಕೈಯಲ್ಲಿ ನಮೂನೆ, ನಲವತ್ತೊಂದು ಪ್ರಶ್ನೆ.
ನೀರಿಗೆ ಇಳಿಯುತ್ತೀರಾ? ದಿನಕ್ಕೆ ಎಷ್ಟು ಸಲ?
ಎಷ್ಟು ಆಳ: ಹಿಮ್ಮಡಿ, ಮೊಣಕಾಲು, ಸೊಂಟ?
ಮಸಂಜಾ ಎಂಬ ಹುಡುಗ ಲೋಟ ತಂದುಕೊಟ್ಟ,
ಒಳಗೆ ಕೆಂಪು, ದಾಸವಾಳದ ಶರಬತ್ತಿನ ಹಾಗೆ;
ಮೋರೆಯಲ್ಲಿ ಮೀಸೆ ಬಂದವನ ಜಂಬ.
ಅವನಣ್ಣನಿಗೂ ಈ ವಯಸ್ಸಿಗೇ ಹೀಗಾಗಿತ್ತಂತೆ.

ಕಿಚೋಚೊ ಎಂದೆ. ಬಸವನಹುಳುವಿನಿಂದ ಹೊರಟ ಮರಿ
ತೊಗಲಿನೊಳಗೆ ತೂರುವ ಬಗೆ ಹೇಳಿದೆ.
ಚಿತ್ರ ತೋರಿಸಿದೆ. ನೀರಿಗಿಳಿಯಬೇಡಿ ಎಂದೆ.
ಕಬುಲಾ ಎಂಬಾಕೆ ಮಗುವನ್ನು
ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿ
ಮೆಲ್ಲಗೆ ಕೇಳಿದಳು:
ಆಯ್ತಮ್ಮ. ನಲ್ಲಿ ಎಲ್ಲಿ?

ನಲವತ್ತೊಂದರಲ್ಲಿ ಅದಿರಲಿಲ್ಲ.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ.
ಮೇಷ್ಟ್ರು ನೋಡಿದರು, ಕನ್ನಡಕ ತೆಗೆದು ಒರೆಸಿದರು,
ಇದಕ್ಕೆ ಕೋಡ್ ಇಲ್ಲ ಎಂದರು.
ಅಳಿಸಲಿಲ್ಲ.

ಪ್ರಯೋಗಶಾಲೆಯಲ್ಲಿ, ಕೈ ಪಳಗಲಿ ಎಂದು,
ಮೊದಲು ನಮ್ಮ ನಮ್ಮದೇ ಮಾದರಿ ಸೋಸಿದೆವು.
ಲೋಟ ಮರೆಮಾಡಿಕೊಂಡು ನಕ್ಕೆವು. ಹೆಸರಿಲ್ಲ, ಬರಿ ಅಂಕಿ.
ಹದಿನೇಳರಲ್ಲಿದೆ! ಎಂದು ಕೂಗಿದ ಎಲಿಫುರಾಹ,
ಲಾಟರಿ ಹೊಡೆದವನಂತೆ. ಬಾ, ನೋಡು, ಎಷ್ಟು ಚೆಂದ!
ಕಣ್ಣಿಟ್ಟೆ. ಬೆಳಕಿನ ಬಾವಿಯೊಳಗೆ
ಒಂದು ಮೊಟ್ಟೆ, ತುದಿಯಲ್ಲೊಂದು ಮುಳ್ಳು.
ಪಕ್ಕಕ್ಕೆ ಸರಿಸಿದರೆ ಇನ್ನೊಂದು.
ಒಟ್ಟು ಒಂಬತ್ತು ಎಂದು ಬರೆದೆ;
ನನ್ನ ಅಕ್ಷರ ಅಷ್ಟು ದುಂಡಗೆ ಎಂದೂ ಬಂದಿರಲಿಲ್ಲ.

ಹದಿನೇಳು ನಾನು.

ಗೆರೆ ದಾಟುವಾಗ ಸದ್ದಾಗುವುದಿಲ್ಲ.
ಮೇಲೆ ಹೋದವಳು ಕೆಳಗೂ ಇರುತ್ತಾಳೆ,
ಎರಡೂ ಕಡೆ ಎಣಿಸಬೇಕು, ಅದು ನಿಯಮ;
ಪರೀಕ್ಷೆಯಲ್ಲಿ ಬರೆದು ಎರಡು ಅಂಕ ಪಡೆದಿದ್ದೆ.

ಎತ್ತರ ಅಳೆಯುವ ಕೋಲಿಗೆ ಬೆನ್ನು ಹಚ್ಚಿ ನಿಂತೆ,
ಶಾಲೆಮಕ್ಕಳ ಸಾಲಿನಲ್ಲಿ ನಾನೊಬ್ಬಳೇ ಉದ್ದ.
ನಾಲ್ಕು ಮಾತ್ರೆ. ನಾಲಿಗೆಗೆ ತುಕ್ಕಿನ ಕಹಿ.
ಅಕ್ಕಾ, ನಿನಗೂನಾ? ಎಂದ ಹಿಂದಿನಿಂದ ಮಸಂಜಾ,
ಪಾಪ, ಅವನಿಗೆ ನಗಬೇಕೋ ಬೇಡವೋ ಗೊತ್ತಾಗಲಿಲ್ಲ.

ಶನಿವಾರ ಮನೆಗೆ ಹೋದೆ.
ಅವ್ವ ಸರೋವರದಲ್ಲಿ ನಿಂತಿದ್ದಳು.
ಒದ್ದೆ ಕಂಗಾದ ಒಂದು ತುದಿ ತಾನು ಹಿಡಿದು
ಇನ್ನೊಂದನ್ನು ದಡದತ್ತ ಚಾಚಿದಳು:
ಬಾ, ಹಿಂಡು, ಒಬ್ಬಳಿಗೆ ಆಗದು.

ಪ್ರಶ್ನೆ ಹನ್ನೆರಡು: ಎಷ್ಟು ಆಳ? ಮೊಣಕಾಲು.
ಹದಿಮೂರು: ಯಾವ ಹೊತ್ತು? ಹತ್ತು ಗಂಟೆ, ಬಿಸಿಲು.
ಹದಿನಾಲ್ಕು: ಕಾರಣ?

ಲಂಗ ಎತ್ತಿಕಟ್ಟಿ ಇಳಿದೆ.
ಅವಳು ಬಲಕ್ಕೆ ತಿರುವಿದಳು, ನಾನು ಎಡಕ್ಕೆ;
ಬಟ್ಟೆ ಹಗ್ಗವಾಯಿತು,
ನಡುವಿನಿಂದ ನೀರು ಸುರಿಯಿತು
ಸರೋವರಕ್ಕೇ.